ಕಂಠದರ್ಪಣ ಮತ್ತು ಸೂರ್ಯೋದಯದ ಪದ್ಯ

ಕಂಠದರ್ಪಣ ಮೂರನೆಯ ಸಲ ತಾನಾಗಿಯೇ ನಿಂತಿತು. “ರೋಗಿಯ ಗಂಟಲು ಅಲುಗಿದೆ. ದಯವಿಟ್ಟು ಮೊದಲಿನಿಂದ ಪ್ರಾರಂಭಿಸಿ” ಎಂದು ಬಹಳ ಸೌಜನ್ಯದಿಂದ ಹೇಳಿತು.

2068ರಲ್ಲಿ ಮಂಡ್ಯದ ಒಂದು ಆಸ್ಪತ್ರೆಗೆ ಬಂದ ಈ ಯಂತ್ರ, ಹಳೆಯ ಎಂಆರ್‌ಐಗೆ ಮೊಮ್ಮಗಳಾಗಬೇಕು. ಅಯಸ್ಕಾಂತದಿಂದಲೂ ರೇಡಿಯೋ ಅಲೆಗಳಿಂದಲೂ ದೇಹದ ಒಳಗನ್ನು ಚಿತ್ರಿಸುವ ವಿಧಾನ ಹಳೆಯದೇ. ಆದರೆ ಥೈರಾಯ್ಡ್ ಗ್ರಂಥಿಯ ಹಿಂದೆ ದಾರದಂತೆ ಹಾದುಹೋಗಿ ಧ್ವನಿಪೆಟ್ಟಿಗೆಯನ್ನು ಆಡಿಸುವ ಸ್ವರನರವನ್ನು ಎಳೆ ಎಳೆಯಾಗಿ ತೋರಿಸುವುದು ಇದರ ಹೆಚ್ಚುಗಾರಿಕೆ. ಷರತ್ತು ಒಂದೇ: ಇಪ್ಪತ್ತೆರಡು ನಿಮಿಷ ಗಂಟಲು ಕಲ್ಲಿನಂತಿರಬೇಕು.

ಒಳಗೆ ಮಲಗಿದ್ದವರು ಗಮಕಿ ಅಲಮೇಲಮ್ಮ. ಮೂವತ್ತು ವರ್ಷಗಳಿಂದ ಅವರು ಕಾವ್ಯವನ್ನು ರಾಗವಾಗಿ ಓದುತ್ತಾರೆ. ಪತಿ ತಿರುನಾರಾಯಣ ಮೇಷ್ಟ್ರು ಪಕ್ಕದಲ್ಲಿ ಕುಳಿತು ಒಂದೊಂದು ಪದ್ಯಕ್ಕೂ ವ್ಯಾಖ್ಯಾನ ಹೇಳುತ್ತಾರೆ. ಈಗ ಅಲಮೇಲಮ್ಮನವರ ಥೈರಾಯ್ಡಿನಲ್ಲಿ ಕ್ಯಾನ್ಸರ್ ಗಂಟು.

ಡಾ. ರೆಹಾನಾ ಅಲಮೇಲಮ್ಮನವರನ್ನು ಹೊರಗೆ ಕರೆತಂದು ಕೂರಿಸಿದರು. “ನೋಡಿಮ್ಮಾ, ಗಂಟು ಆ ನರಾನ ತಬ್ಬಿಕೊಂಡಿದ್ರೆ ನರಾನೂ ತೆಗೀಬೇಕಾಗುತ್ತೆ, ಧ್ವನಿ ಹೋಗುತ್ತೆ. ತಬ್ಬಿಲ್ಲ ಅಂತ ಮೊದಲೇ ಗೊತ್ತಾದ್ರೆ ಗಂಟು ಮಾತ್ರ ತೆಗೀಬಹುದು. ಅದಕ್ಕೇ ಆಪರೇಷನ್‌ಗೆ ಮುಂಚೆ ಚಿತ್ರ ಬೇಕು.”

“ಇಲ್ಲಿ ತಬ್ಬೋದು ಅಂದ್ರೆ ಪ್ರೀತಿಯಿಂದ ಅಲ್ಲ,” ಎಂದು ತಿರುನಾರಾಯಣ ಹೆಂಡತಿಯ ಕಡೆ ತಿರುಗಿದರು. “ಹಗೆತನದ ಆಲಿಂಗನ ಅಂತ ಒಂದಿದೆ...”

“ನನಗೆ ಅರ್ಥ ಆಯ್ತು ರೀ.”

“ಎಂಜಲು ನುಂಗ್ತಿದ್ದೀರಾ ಅಮ್ಮಾ?” ವೈದ್ಯೆ ಕೇಳಿದರು.

“ಇಲ್ಲ ತಾಯಿ. ನಿಮ್ಮ ಯಂತ್ರ ಬಡಿಯತ್ತಲ್ಲ, ಮೂರು ನಾಲ್ಕು, ಮೂರು ನಾಲ್ಕು ಅಂತ, ಅದು ನಾವು ಓದೋ ಷಟ್ಪದಿಯ ನಡೆ. ಬಾಯಿ ಮುಚ್ಚಿಕೊಂಡಿದ್ರೂ ಗಂಟಲು ತಾನೇ ಓದಕ್ಕೆ ಹೊರಡತ್ತೆ.”

“ನಿದ್ದೆ ಬರಿಸೋಣ ಅಂದ್ರೆ ಗೊರಕೆಗೂ ಅಲುಗುತ್ತೆ,” ಎಂದು ರೆಹಾನಾ ಹಣೆ ಒತ್ತಿಕೊಂಡರು.

ಅಲಮೇಲಮ್ಮ ಸ್ವಲ್ಪ ಯೋಚಿಸಿದರು. “ಕಿವಿಗೆ ಏನೋ ಹಾಕಿದ್ರಲ್ಲ, ಅದರಲ್ಲಿ ಇವರ ವ್ಯಾಖ್ಯಾನ ಬರೋ ಹಾಗೆ ಮಾಡಿ. ಇವರು ಮಾತಾಡೋವಾಗ ನಾನು ಕೆಮ್ಮೋದೂ ಇಲ್ಲ. ವೇದಿಕೆ ಮೇಲೆ ಬಂದಿರೋ ಅಭ್ಯಾಸ.”

“ಇಪ್ಪತ್ತೆರಡು ನಿಮಿಷ ಮಾತಾಡಬಲ್ಲರಾ?”

ಅಲಮೇಲಮ್ಮ ವೈದ್ಯೆಯನ್ನು ಕನಿಕರದಿಂದ ನೋಡಿದರು.

ತಿರುನಾರಾಯಣ ಮೈಕಿನ ಮುಂದೆ ಕುಳಿತು ಸೂರ್ಯೋದಯದ ಒಂದು ಪದ್ಯ ಎತ್ತಿಕೊಂಡರು. ಇಪ್ಪತ್ತೆರಡನೆಯ ನಿಮಿಷಕ್ಕೆ ಚಿತ್ರ ಮುಗಿಯಿತು. ಸೂರ್ಯ ಇನ್ನೂ ಬೆಟ್ಟದ ಆಚೆಯೇ ಇದ್ದ. ಗಂಟಿಗೂ ನರಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಸ್ಪಷ್ಟವಾಗಿ ಕಾಣುತ್ತಿತ್ತು. ಮರುವಾರ ಶಸ್ತ್ರಚಿಕಿತ್ಸೆಯಾಯಿತು. ದೇವರು ದೊಡ್ಡವನು, ಧ್ವನಿ ಉಳಿಯಿತು.

ಆಮೇಲಿನದ್ದನ್ನು ಯಾರೂ ಎಣಿಸಿರಲಿಲ್ಲ. ಆಸ್ಪತ್ರೆಯವರು ತಿರುನಾರಾಯಣರನ್ನು ಬಿಡಲಿಲ್ಲ. ಅವರ ವ್ಯಾಖ್ಯಾನಕ್ಕೆ ಎಲ್ಲ ರೋಗಿಗಳೂ ಶಿಲೆಗಳಂತೆ ಮಲಗುತ್ತಿದ್ದರು. ಭಕ್ತಿಯಿಂದಲ್ಲ, ಅಲುಗಿದರೆ ಮೊದಲಿನಿಂದ ಶುರುವಾಗುತ್ತದೆ ಎಂಬ ಭಯದಿಂದ. ನಡುವೆ ಎದ್ದುಹೋಗದ ಶ್ರೋತೃಗಳು ಸಿಕ್ಕಿದ ಮೇಲೆ ಅವರ ವ್ಯಾಖ್ಯಾನಕ್ಕೆ ದಡವೇ ಇಲ್ಲದಂತಾಯಿತು. ಸಭೆಗಳಲ್ಲೂ ಅದೇ ವರಸೆ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಅಲಮೇಲಮ್ಮ ನಾಲ್ಕು ಪದ್ಯ ಓದಿ ಮನೆಗೆ ಬಂದರು.

ಮುಂದಿನ ತಪಾಸಣೆಗೆ ಹೋದಾಗ ರೆಹಾನಾ ಕೇಳಿದರು, “ಧ್ವನಿ ಹೇಗಿದೆ?”

“ಇದೆ ತಾಯಿ. ಬಳಸಕ್ಕೆ ಸಂದಿ ಸಿಗಬೇಕಷ್ಟೆ.”

ವೈದ್ಯೆ ಪೆನ್ನು ಕೆಳಗಿಟ್ಟರು. “ಹೋಲಿಸಿ ನೋಡೋದಕ್ಕೆ ರೋಗ ಇಲ್ಲದವರ ಚಿತ್ರಾನೂ ನಮಗೆ ಬೇಕು. ಮೇಷ್ಟ್ರು ಮಲಗ್ತಾರಾ?”

“ವಿಜ್ಞಾನಕ್ಕೆ ಅಂತ ಹೇಳಿ. ಓಡಿ ಬರ್ತಾರೆ.”

ಬಂದರು. ವಿಜ್ಞಾನ ಎಂಬ ಪದದ ವ್ಯುತ್ಪತ್ತಿ ಹೇಳುತ್ತಲೇ ಮಲಗಿದರು, ಯಂತ್ರ ಒಳಗೆಳೆದುಕೊಂಡಿತು. ಹೊರಗೆ ಅಲಮೇಲಮ್ಮ ಮೈಕು ಹತ್ತಿರ ಸರಿಸಿಕೊಂಡು ಓದತೊಡಗಿದರು. ಕಂಠದರ್ಪಣ ತಾಳ ಹಾಕಿತು. ಒಂದರ ಹಿಂದೊಂದು ಹತ್ತೊಂಬತ್ತು ಪದ್ಯ, ನಡುವೆ ಒಂದು ಮಾತಿಲ್ಲ.

ಹೊರಗೆ ಬಂದ ತಿರುನಾರಾಯಣ ಬಹಳ ಹೊತ್ತು ಮಂಚದಂಚಿನಲ್ಲೇ ಕುಳಿತು ಶಲ್ಯದಿಂದ ಕಣ್ಣೊರೆಸಿಕೊಂಡರು. ರೆಹಾನಾ ಗಾಬರಿಯಾಗಿ ಹತ್ತಿರ ಹೋದರು. “ಏನಾಯ್ತು ಮೇಷ್ಟ್ರೇ? ಅಂಥದ್ದೇನಿದೆ ಆ ಪದ್ಯಗಳಲ್ಲಿ?”

“ಅರ್ಥದ ಕಡೆ ಗಮನ ಹೋಗಲಿಲ್ಲ ಡಾಕ್ಟ್ರೇ,” ಎಂದರು ತಿರುನಾರಾಯಣ. “ಇವಳು ಎಷ್ಟು ಚೆನ್ನಾಗಿ ಓದ್ತಾಳೆ.”