ಗುರೂದಯದ ಗಂಟೆ

ಸೂರ್ಯನು ಮುಳುಗಿದ ಮೇಲೂ ಮಣಲಿಪುರದ ಕೋಟೆಯ ತೆನೆಗಳ ಮೇಲೆ ಕೆಂಪು ಉಳಿದಿತ್ತು. ಅಂಗಡಿಬೀದಿಯ ಬಾಗಿಲುಗಳು ಮುಚ್ಚಿದ್ದವು. ಅರಮನೆಯ ಮುಂದಣ ಬಯಲಿನಲ್ಲಿ ಸಾಮಂತರೂ ಪುರಜನರೂ ಕತ್ತೆತ್ತಿ ನಿಂತು, ಗೋಪುರವನ್ನೇರಿದ್ದ ಆಸ್ಥಾನ ಜ್ಯೋತಿಷಿ ಮಾಚಣ ಜೋಯಿಸರನ್ನು ನೋಡುತ್ತಿದ್ದರು. ಗುರುಗ್ರಹವು ಆಕಾಶದಲ್ಲಿ ಕಾಣುವ ಕಾಲದಲ್ಲಷ್ಟೇ ಪಟ್ಟಾಭಿಷೇಕ ನಡೆಯಬೇಕು, ಅದು ಕಂಡುದಕ್ಕೆ ಗುರುತಾಗಿ ಜೋಯಿಸರ ಕೈಯಿಂದಲೇ ಗೋಪುರದ ಗಂಟೆ ಮೊಳಗಬೇಕು ಎಂಬುದು ಆ ರಾಜ್ಯದ ಕಟ್ಟಳೆ. ಅರಸನು ತೀರಿಕೊಂಡು ಸೂತಕ ಕಳೆದಿತ್ತಷ್ಟೆ. ಗಂಟೆ ಮೊಳಗಿದರೆ ಏಳು ವರ್ಷದ ಕುಮಾರ ನನ್ನಿದೇವನಿಗೆ ಮರುದಿನವೇ ಪಟ್ಟ. ಇಲ್ಲವಾದರೆ, ಗಡಿಕೋಟೆಯಿಂದ ಸೈನ್ಯಸಮೇತ ಬಂದಿಳಿದಿದ್ದ ಚಿಕ್ಕಪ್ಪ ಬೊಪ್ಪರಸನ ಕೈಗೆ ಆ ಮಗು ಸಿಕ್ಕಿದಂತೆಯೇ.

ಜೋಯಿಸರು ಬಹಳ ಹೊತ್ತು ಪಡುವಣವನ್ನು ನೋಡಿ, ಗಂಟೆಯನ್ನು ಮುಟ್ಟದೆ ಇಳಿದು ಬಂದರು.

"ಗುರುವಿಗೆ ಅಸ್ತ ಬಂದಿದೆ," ಎಂದರು. ಬೊಪ್ಪರಸನು ಮೀಸೆಯ ಮೇಲೆ ಕೈಯಾಡಿಸಿದನು.

ರಾಣಿ ಲಚ್ಚಲದೇವಿ ಜೋಯಿಸರನ್ನು ಅಂತಃಪುರಕ್ಕೆ ಕರೆಸಿದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಒಂದು ಸುಳ್ಳು ಹೇಳಿದ್ದರೆ ನನ್ನ ಕಂದ ಉಳಿಯುತ್ತಿದ್ದನಲ್ಲ, ಜೋಯಿಸರೇ! ನಿಮ್ಮ ಸತ್ಯಕ್ಕೆ ನನ್ನ ಮಗನೇ ಬಲಿಯಾಗಬೇಕಿತ್ತೆ?"

"ಬಯಲಿನಲ್ಲಿದ್ದವರಿಗೂ ಕಣ್ಣಿತ್ತು, ತಾಯಿ. ಸುಳ್ಳು ಗಂಟೆಗೆ ಕಟ್ಟಿದ ಪಟ್ಟವನ್ನು ಬೊಪ್ಪರಸರು ಮರುದಿನವೇ ಬಿಚ್ಚಿಸುತ್ತಿದ್ದರು. ಅಸ್ತವೆಂದರೆ ಗ್ರಹವು ಅಳಿಯಿತೆಂದಲ್ಲ. ಅದು ತನ್ನ ದಾರಿಯಲ್ಲಿ ನಡೆಯುತ್ತಲೇ ಇರುತ್ತದೆ. ಸೂರ್ಯನಿಂದ ಹನ್ನೊಂದು ಅಂಶದೊಳಕ್ಕೆ ಬಂದ ಗುರು ಆ ಪ್ರಭೆಯಲ್ಲಿ ನಮ್ಮ ಕಣ್ಣಿಗೆ ಕಾಣನು, ಅಷ್ಟೆ. ಪಡುವಣದಲ್ಲಿ ಮರೆಯಾದವನು ತಿಂಗಳೊಪ್ಪತ್ತಿನಲ್ಲಿ ಮೂಡಣದಲ್ಲಿ, ಸೂರ್ಯನಿಗಿಂತ ಮೊದಲೇ ಉದಯಿಸುತ್ತಾನೆ. ಅವನು ದೂರ ಹೋಗಿ ಮರೆಯಾಗುವುದಿಲ್ಲ, ತಾಯಿ, ಹತ್ತಿರ ಬಂದು..."

ಅಷ್ಟು ಹೇಳಿದವರು ತಟ್ಟನೆ ನಿಂತರು. ಅನಂತರ ದನಿ ತಗ್ಗಿಸಿ, "ಕುಮಾರನನ್ನು ಕಾಡಿಗೆ ಕಳಿಸುವುದು ಬೇಡ. ಬೊಪ್ಪರಸರ ಬಿಡಾರದಲ್ಲೇ ಅಡಗಿಸೋಣ," ಎಂದರು.

ಪಾಪ ಮಾಡುವವರಿಗೆ ಆಶೀರ್ವಾದದ ಆಸೆ ಹೆಚ್ಚು. ಬೊಪ್ಪರಸನು ತನ್ನ ಬಿಡಾರದಲ್ಲೇ ವೇದಪಾಠಶಾಲೆಯೊಂದನ್ನು ಇಟ್ಟುಕೊಂಡಿದ್ದನು. ಅಲ್ಲಿಯ ಉಪಾಧ್ಯಾಯರು ಜೋಯಿಸರ ಸಹಪಾಠಿಗಳು. ಮರುದಿನ ಅಲ್ಲಿಗೆ ಹೊಸ ವಟುವೊಬ್ಬ ಸೇರಿದನು; ತಲೆ ಬೋಳಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಪ್ರತಿ ಬೆಳಗೂ ವಟುಗಳು ಸಾಲಾಗಿ ಬಂದು ಮಂತ್ರಾಕ್ಷತೆ ಹಾಕುವಾಗ ಬೊಪ್ಪರಸನು ಕಣ್ಣು ಮುಚ್ಚಿ ತಲೆ ಬಾಗುತ್ತಿದ್ದನು. ಅಣ್ಣನ ಮಗನನ್ನು ಅವನು ಕಂಡಿದ್ದೇ ಅಪರೂಪ, ಅದೂ ಒಡವೆಗಳ ನಡುವೆ. ಆ ಮಗನೇ ದಿನವೂ ತನ್ನ ತಲೆಗೆ ಅಕ್ಷತೆ ಹಾಕುತ್ತಿದ್ದುದು ಅವನಿಗೆ ತಿಳಿಯಲಿಲ್ಲ.

ಕಾಡು, ಮಠ, ನೆಲಮಾಳಿಗೆ ಎಲ್ಲವನ್ನೂ ಜಾಲಾಡಿದ್ದಾಯಿತು. ಕೊನೆಗೆ ಬೊಪ್ಪರಸನು ಜೋಯಿಸರನ್ನೇ ಕಟ್ಟಿ ತರಿಸಿದನು.

"ಹುಡುಗನೆಲ್ಲಿ?"

ಜೋಯಿಸರು ತುಟಿ ಬಿಚ್ಚಲಿಲ್ಲ. ಅಂದು ಅವರ ಎರಡು ಕಣ್ಣಿಗೂ ಕಾಸಿದ ಸಲಾಕೆ ಇಟ್ಟರು. ಅವರನ್ನು ಕೊಲ್ಲದೆ ಬಿಟ್ಟದ್ದು ಕರುಣೆಯಿಂದಲ್ಲ; ಜೋಯಿಸರು ಬದುಕಿರುವವರೆಗೆ ಆ ಗಂಟೆಯನ್ನು ಬೇರೊಬ್ಬರು ಮುಟ್ಟುವಂತಿರಲಿಲ್ಲ, ಕುರುಡನ ಕೈಯಿಂದ ಅದು ಮೊಳಗದಿದ್ದರೆ ಕುಮಾರನಿಗೆ ಪಟ್ಟವೂ ಇರಲಿಲ್ಲ.

"ಇನ್ನು ಉದಯವನ್ನು ಹೇಗೆ ಕಾಣುತ್ತೀರಿ, ಜೋಯಿಸರೇ?" ಎಂದು ಬೊಪ್ಪರಸನು ನಕ್ಕನು.

ಕತ್ತಲೆಯಲ್ಲಿ ಕುಳಿತ ಜೋಯಿಸರು ಗುರುವಿನ ನಡೆಯನ್ನು ಮನಸ್ಸಿನಲ್ಲೇ ಗಣಿಸುತ್ತಿದ್ದರು. ಹುಣ್ಣು ಇನ್ನೂ ಒಣಗಿರಲಿಲ್ಲ; ಒಂದು ದಿನ ಬೊಪ್ಪರಸನ ಮುಂದೆ ಕೈಮುಗಿದು ನಿಂತರು. "ಗೋಪುರ ಹತ್ತುವುದು ನನ್ನ ನೇಮ, ಪ್ರಭು. ಕೈ ಹಿಡಿದು ನಡೆಸಲು ತಮ್ಮ ಪಾಠಶಾಲೆಯ ಒಬ್ಬ ವಟುವನ್ನು ಕೊಡಿಸಬೇಕು."

"ಧಾರಾಳವಾಗಿ ಹತ್ತಿ. ಎಡವಿ ಬಿದ್ದರೆ ನಮ್ಮನ್ನು ದೂರಬೇಡಿ." ಆದರೂ ಗೋಪುರದ ಕಾವಲಿನವರಿಗೆ ಗುಟ್ಟಾಗಿ ಅಪ್ಪಣೆ ಹೋಯಿತು: ಮುದುಕ ಗಂಟೆಯನ್ನು ಮುಟ್ಟಿದರೆ ಇರಿಯಿರಿ.

ಯಾವ ವಟುವನ್ನು ಕಳಿಸಬೇಕೆಂಬುದು ಉಪಾಧ್ಯಾಯರಿಗೆ ಗೊತ್ತಿತ್ತು.

ಜೋಯಿಸರು ಗಣಿಸಿಟ್ಟ ದಿನ, ಮೂಡಣ ಬೆಳ್ಳಗಾಗುವ ಹೊತ್ತಿಗೆ ಇಬ್ಬರೂ ಗೋಪುರದ ಮೇಲಿದ್ದರು. ಕೆಳಗಿನ ಬಯಲಿನಲ್ಲಿ, ಗುರೂದಯಕ್ಕೆ ಕಾದುಕೊಂಡಿದ್ದ ಸಾಮಂತರ ಬಿಡಾರಗಳು ಆಗಷ್ಟೇ ಎಚ್ಚರಗೊಳ್ಳುತ್ತಿದ್ದವು.

"ಅಜ್ಜಾ, ಬೆಟ್ಟದ ನೆತ್ತಿಯ ಮೇಲೆ ಒಂದು ಚುಕ್ಕಿ!"

ಜೋಯಿಸರ ಕೈ ಹಗ್ಗವನ್ನು ಹಿಡಿಯಿತು, ಹಿಡಿದು ತಡೆಯಿತು. ಆ ತಿಂಗಳು ಶುಕ್ರನೂ ಮೂಡಣದಲ್ಲೇ ಇದ್ದನು. "ಬಿಳಿಯೋ, ಹಳದಿಯೋ?"

ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳಿಸಿದವು. "ಅವರು ಬರುತ್ತಿದ್ದಾರೆ! ಬಾರಿಸಿಬಿಡಿ ಅಜ್ಜಾ!"

"ಬಣ್ಣ ಹೇಳು, ಮಗು. ಶುಕ್ರನಾಗಿದ್ದರೆ ಬಾರಿಸುವಂತಿಲ್ಲ."

ಹುಡುಗನು ಅಳುತ್ತಲೇ ಕಣ್ಣುಜ್ಜಿಕೊಂಡು ನೋಡಿದನು. "ಬಿಳಿಯದು ಮೇಲೆ ಬೇರೆ ಇದೆ. ಇದು ಹಳದಿ. ತುಪ್ಪದ ದೀಪದ ಹಾಗೆ."

"ಅವನೇ," ಎಂದರು ಜೋಯಿಸರು.

ಗಂಟೆ ಮೊಳಗಿತು. ಈಟಿ ಬೆನ್ನಿಗೆ ನಾಟಿದ ಮೇಲೂ ಅವರು ಹಗ್ಗ ಬಿಡಲಿಲ್ಲ. ಬಿದ್ದ ಮೈಯ ಭಾರಕ್ಕೆ ಅದು ಮತ್ತೊಮ್ಮೆ ಮೊಳಗಿತು. ಬಯಲಿನಲ್ಲಿ ಸಾಮಂತರೆಲ್ಲ ಹೊರಗೆ ಬಂದು, ಬೆಟ್ಟದ ಮೇಲಿನ ಹಳದಿ ಬೆಳಕನ್ನು ಕಂಡು, ಖಡ್ಗ ಹಿರಿದು ಗೋಪುರದತ್ತ ಧಾವಿಸಿದರು. ಮೇಲೆ ಕಾವಲಿನವನು ಹುಡುಗನತ್ತ ತಿರುಗಿದನು.

"ನಾನು ನನ್ನಿದೇವ," ಎಂದಿತು ಆ ಬೋಳುತಲೆಯ ಮಗು. "ನಿಮ್ಮ ಅರಸ." ಕಾವಲಿನವನ ಕೈಯಿಂದ ಈಟಿ ಕಳಚಿ ಬಿತ್ತು.

ಕೆಳಗೆ ಬೊಪ್ಪರಸನನ್ನು ಹಿಡಿದು ಕಟ್ಟಿದರು. ರಾಣಿಯು ಮಗನ ಹೆಸರು ಕೂಗುತ್ತ ಮೆಟ್ಟಿಲೇರುತ್ತಿದ್ದಳು. ಅರಸನಿಗೆ ಅದಾವುದೂ ಬೇಕಿರಲಿಲ್ಲ. ಅವನು ಮಂಡಿಯೂರಿ, ಜೋಯಿಸರ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ಗುರುವಿದ್ದ ಕಡೆಗೆ ತಿರುಗಿಸಿದನು.