ಮಾವ ದೋಣಿಯಲ್ಲಿ ಹೇಳಿದ ಕಲ್ಲು

ಗುಂಡಿ ಒತ್ತಿದೊಡನೆ ಮೇಜಿನ ಮೇಲಿನ ಮರಳು ಹರಿದಾಡತೊಡಗಿತು. ಈಚೆ ಬದಿಯಲ್ಲಿ ಚಪ್ಪಟೆಯಾಗಿ ಹರಡಿತು, ನಡುವೆ ಒಮ್ಮೆಲೇ ಕೆಳಕ್ಕೆ ಜಾರಿತು, ಆಚೆ ತುದಿಯಲ್ಲಿ ಬಯಲಾಗಿ ನಿಂತಿತು. ಕುಂದಾಪುರದ ಕಡೆಯ ಆ ಕಡಲತೀರದ ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳು ಬೆಂಚು ಬಿಟ್ಟು ಮೇಜಿನ ಸುತ್ತ ಮುತ್ತಿಕೊಂಡರು.

ಡಾ. ಶ್ರಾವ್ಯಾ ಮೊಗವೀರ ಬೆರಳಿಟ್ಟು ತೋರಿಸಿದಳು. ಈ ಚಪ್ಪಟೆ ಭಾಗ ಖಂಡಾವರಣ ಪ್ರದೇಶ, ಅಂದರೆ ನಮ್ಮ ನೆಲವೇ ನೀರಿನಡಿ ಮುಂದುವರಿದದ್ದು. ಜಾರಿದ್ದು ಖಂಡಾವರಣ ಇಳಿಜಾರು. ಅದರಾಚೆ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಸಾಗರ ಮೈದಾನ. ಕಡಲನ್ನು ಬಗ್ಗಿಸಿ ಚೆಲ್ಲಿದರೆ ಉಳಿಯುವುದು ಇಷ್ಟೇ, ಎಂದಳು.

ತಾನೇ ಕಟ್ಟಿದ ೨೦೫೭ರ ಈ ಯಂತ್ರಕ್ಕೆ ಅವಳಿಟ್ಟ ಹೆಸರು ನೆಲಗನ್ನಡಿ. ಕಡಲಲ್ಲಿ ತೇಲುವ ಸಾವಿರಾರು ಪುಟ್ಟ ಕೊಳವೆಗಳು ಕೆಳಕ್ಕೆ ಶಬ್ದ ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಹೊತ್ತಿನಿಂದ ಆಳವನ್ನು ಲೆಕ್ಕ ಹಾಕುತ್ತಿದ್ದವು. ಕಬ್ಬಿಣದ ಪುಡಿ ಬೆರೆತ ಮರಳು ಅದೇ ಆಕಾರಕ್ಕೆ ಎದ್ದು ನಿಲ್ಲುತ್ತಿತ್ತು. ಒಂದು ತಿಂಗಳಿಂದ ನಾನೂರು ಶಾಲೆಗಳಲ್ಲಿ ಇದೇ ಪಾಠ. ನಕ್ಷೆಯಂತೂ ಯಾರು ಬೇಕಾದರೂ ನೋಡುವಂತೆ ತೆರೆದೇ ಇತ್ತು.

ಮೊದಲ ಮೂರು ವರ್ಷ ಮಾತ್ರ ನೆಲಗನ್ನಡಿ ಅವಳ ಮಾನ ತೆಗೆದಿತ್ತು. ಕೆಸರಿನಲ್ಲಿ ಅರ್ಧ ಹೂತ ಸಣ್ಣ ಕಲ್ಲುಗಳೂ ಅದಕ್ಕೆ ಕೆಸರೇ. ನಿಖರವಾಗಿ ಗೊತ್ತಿರುವ ಒಂದು ಕಲ್ಲನ್ನು ತೋರಿಸಿಕೊಟ್ಟರೆ ಉಳಿದವನ್ನು ತಾನೇ ಗುರುತಿಸಲು ಕಲಿಯುತ್ತಿತ್ತು. ಅಂಥ ಕಲ್ಲು ಗೊತ್ತಿದ್ದದ್ದು ಅವಳ ಸೋದರಮಾವ ಉದಯನಿಗೆ. ದೋಣಿಯಿಂದ ದಡದತ್ತ ನೋಡಿದರೆ ಗುಡ್ಡದ ತುದಿ ದೀಪಸ್ತಂಭದ ಹಿಂದೆ ಮರೆಯಾಗಬೇಕು, ತೆಂಕಣದ ಎರಡು ತೆಂಗು ಒಂದಾಗಿ ಕಾಣಬೇಕು. ಅದರಡಿಯಲ್ಲೇ ಮೀನು ಕೂಡುವ ಕಲ್ಲು, ಅಲ್ಲಿ ಬಲೆ ಬಿಟ್ಟರೆ ಬರಿಗೈಯಲ್ಲಿ ಬಂದದ್ದಿಲ್ಲ. ಮೀನುಗಾರರ ಒಂದೊಂದು ಮನೆಗೂ ಇಂಥದೊಂದು ಕಲ್ಲು; ಅದರ ಗುರುತು ಮಾವನಿಂದ ತಂಗಿಯ ಮಕ್ಕಳಿಗೆ, ಅದೂ ದೋಣಿಯಲ್ಲಿ ಮಾತ್ರ. ದಡದಲ್ಲಿ ಅದನ್ನು ಬಾಯಿ ಬಿಡಬಾರದು. ಸೋದರಳಿಯಂದಿರಿಲ್ಲದ ಮಾವ ಅವಳನ್ನೇ ಕರೆದೊಯ್ದು ಹೇಳಿಕೊಟ್ಟಿದ್ದ.

ಅವಳು ಯಾರೊಡನೆಯೂ ಬಾಯಿ ಬಿಡಲಿಲ್ಲ. ಯಂತ್ರಕ್ಕೆ ಬರೆದಳು, ಅಷ್ಟೇ. ಬರೆಯುವುದು ಹೇಳಿದಂತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಓದಿದವರ ಜಾಣತನವೇ ಹಾಗೆ, ಮಾತು ತಪ್ಪುವಾಗಲೂ ನಿಯಮ ಪಾಲಿಸಿರುತ್ತಾರೆ. ಪ್ರೀತಿಗೆಂದು ಆ ಜಾಗಕ್ಕೆ 'ಉದಯ ಮಾವನ ಕಲ್ಲು' ಎಂದು ಹೆಸರನ್ನೂ ಇಟ್ಟಳು. ಇವತ್ತು ಅದನ್ನು ತೋರಿಸಿ ಮಾವನನ್ನು ಖುಷಿಪಡಿಸಬೇಕೆಂದು ಶಾಲೆಗೆ ಕರೆದಿದ್ದಳು.

ಮಾವ ಬಂದ. ಲುಂಗಿ ಒದ್ದೆಯಾಗಿತ್ತು. ನೇರ ಮೇಜಿನ ಬಳಿ ನಿಂತು, ನಲವತ್ತು ವರ್ಷ ತಾನು ಹಗ್ಗದ ತುದಿಯಲ್ಲಿ ಮಾತ್ರ ಮುಟ್ಟಿದ್ದ ಕಲ್ಲನ್ನು ಮೊದಲ ಬಾರಿ ಕಣ್ಣಾರೆ ಕಂಡ. ಕೆಳಗೆ ತನ್ನ ಹೆಸರಿತ್ತು. ಬೆಳಗ್ಗೆ ಅಲ್ಲಿ ಹನ್ನೊಂದು ದೊಡ್ಡ ಬೋಟುಗಳಿದ್ದವು, ಮೂರು ಬಂದರಿನವು, ಒಂದು ಮರಿಯನ್ನೂ ಬಿಡದೆ ಗೋರಿಕೊಂಡು ಹೋದವು ಎಂದು ಯಾರ ಮುಖವನ್ನೂ ನೋಡದೆ ಹೇಳಿದ.

"ನಾನ್ ಯಾರಿಗೂ ಹೇಳ್ಲಿಲ್ಲ ಮಾವ," ಎಂದಳು ಶ್ರಾವ್ಯಾ.

"ಬಾಯಿ ಬಿಡ್ದೇ ಹೇಳ್ದೆ ಹೆಣ್ಣೇ. ಬೇರೆಯವ್ರ್ ಮಾಡಿದ್ರೆ ಕಳ್ಳತನ ಅಂತಿದ್ದೆ. ನೀನ್ ಮಾಡಿದ್ದಕ್ಕೆ ಎಂತ ಹೇಳೂದು?"

ಅವನು ಹೊರಟುಹೋದ. ಅಳಿಸಿಬಿಡುತ್ತೇನೆ ಎನ್ನಬೇಕೆಂದು ಅವಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಹೆಸರು ಅಳಿಸಬಹುದೇ ಹೊರತು ಯಂತ್ರ ಕಲಿತದ್ದನ್ನು ಮರೆಸುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಆಗ ಮೇಜಿನ ಮೂಲೆಯಲ್ಲಿದ್ದ ತನ್ವಿ ಎಂಬ ಹುಡುಗಿ ಮರಳಿನಲ್ಲಿ ಎದ್ದಿದ್ದ ಇನ್ನೊಂದು ಗುಬುಟನ್ನು ನೋಡುತ್ತಲೇ ಇದ್ದಳು. ಹೆಸರಿಲ್ಲದ ಕಲ್ಲು. ಯಂತ್ರ ತಾನಾಗಿಯೇ ಹುಡುಕಿಕೊಂಡದ್ದು.

"ಟೀಚರ್, ಇದ್ ನಮ್ಮ್ ಮಾವಂದು. ಹ್ವಾದ್ ವಾರ ದೋಣಿಯಲ್ ಹೇಳಿಕೊಟ್ಟಿದ್ರ್," ಎಂದು ಪಿಸುಗುಟ್ಟಿದಳು. "ನಾನ್ ಯಾರಿಗೂ ಹೇಳ್ಲಿಲ್ಲ. ಮಾವ ನಂಬ್ತ್ರಾ?"

ಇದೆಲ್ಲ ೨೦೫೭ರ ಮಾತು, ನಡೆಯಲು ಇನ್ನೂ ಮೂರು ದಶಕಗಳಿವೆ. ಶ್ರಾವ್ಯಾಳ ಮಾವನ ದೋಣಿ ನೀವು ಇದನ್ನು ಓದುವ ಈ ಹೊತ್ತು ಕಡಲಲ್ಲಿದೆ, ಆ ಕಲ್ಲು ಇನ್ನೂ ಅವನೊಬ್ಬನಿಗೇ ಗೊತ್ತು.