ಗಾಳಿ ಬೀಸುವ ದಿಕ್ಕು

“ಇವತ್ತ ಕ್ಲೀನಿಂಗ್ ಮಾಡೂದಿಲ್ಲ. ಏಳ್ರಿ.”

ಮಹಾನಂದಾ ಹೀಗೆ ಅಂದಾಗ ಮೈಲಾರಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ. ತಮಾಷೆ ಎಂದುಕೊಂಡು ನಕ್ಕ. ಅವಳು ನಗಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಎಲ್ಲವೂ ಚೆನ್ನಾಗಿತ್ತು. ನವಲಗುಂದದ ಅವಳ ಸಣ್ಣ ಹಲ್ಲಿನ ದವಾಖಾನೆಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಮೈಲಾರಿ ಮೊರಬದಲ್ಲಿ ದನದ ಡಾಕ್ಟರ್. ಹೋದ ವರ್ಷ ಚುಚ್ಚುಮದ್ದು ಕೊಡುವಾಗ ಎಮ್ಮೆಯೊಂದು ತಲೆ ಬೀಸಿ ಅವನ ಮುಂದಿನ ಹಲ್ಲು ಮುರಿದಿತ್ತು. ಅದನ್ನು ಸರಿಮಾಡಿದವಳು ಮಹಾನಂದಾ. “ನೀವು ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತೀರಂತಲ್ರಿ, ನಂದು ಹೇಳ್ರಿ ನೋಡೂಣು,” ಎಂದು ಅವಳು ಮಾಸ್ಕ್ ಸರಿಸಿ ಹಲ್ಲು ತೋರಿಸಿದ ದಿನವೇ ಅವನು ಸೋತುಹೋಗಿದ್ದ.

ಬರುವ ರವಿವಾರ ಅವನು ಅಣ್ಣಿಗೇರಿಗೆ, ಅವಳ ಮನೆಗೆ ಹೋಗುವುದಿತ್ತು. ಅವಳ ತಂದೆ ಸಂಗನಬಸವ ಅವರ ಎದುರು ಕೂತು, ನಿಮ್ಮ ಮಗಳನ್ನು ಕೊಡಿ ಎಂದು ಕೇಳುವುದಿತ್ತು. ಅವರದು ಹೊಲ, ಕಾಳಿನ ವ್ಯಾಪಾರ, ದಿನವೂ ಲಿಂಗಪೂಜೆ ನಡೆಯುವ ಮನೆ. ಇವನು ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ ಡಾಕ್ಟರಾದವನು. ಇದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

“ಮಾವನ ಮನಿಗೆ ಹೊಂಟೇನ್ರಿ. ಹಲ್ಲು ಫಳಫಳ ಅನಬೇಕು,” ಅಂದಿದ್ದ ಕುರ್ಚಿ ಏರುತ್ತ.

“ಇನ್ನೂ ಮಾವ ಆಗಿಲ್ರಿ ಅವರು. ಮೊದಲ ಈ ಔಷಧ ಹಾಕ್ಕೊಂಡು ಚಲೋತ್ನಂಗ ಮುಕ್ಕಳಸ್ರಿ.”

ಸಹಾಯಕಿ ತಬಸುಮ್ ಅಗಲ ಬಾಯಿಯ ಸಕ್ಷನ್ ಪೈಪು ಎಳೆದು ತಂದಳು.

“ಇದೇನ್ರಿ, ನನ್ನ ಬಾಯಾಗ ಬೋರ್‌ವೆಲ್ ಹೊಡಿತೀರೇನು?”

“ಈ ಕ್ಲೀನಿಂಗ್ ಮೆಷಿನ್ ನೀರು ಸಿಡಿಸತೈತ್ರಿ. ಬಾಯಾಗಿನ ರೋಗದ ಜಂತು ಎಲ್ಲಾ ಆ ತುಂತುರಿನಾಗ ರೂಮ್ ತುಂಬ ತೇಲ್ತಾವ. ಅವು ಹಾರೂಕಿಂತ ಮೊದಲ ಈ ಪೈಪು ಎಳಕೋಬೇಕು,” ಎಂದು ಮಹಾನಂದಾ ಅವನ ಗದ್ದವನ್ನು ಬೆರಳಿಂದ ಎತ್ತಿದಳು. ಕೈಗವಸಿನ ಮೇಲಿಂದಲೂ ಆ ಬೆರಳ ಬಿಸಿ ಅವನಿಗೆ ತಾಗಿತು. ಮಾಸ್ಕಿನ ಮೇಲಿನ ಕಣ್ಣುಗಳು ನಗುತ್ತಿದ್ದವು.

ಆಗ ಅವನಿಗೆ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ.

“ಎಷ್ಟ ದಿನಾತು ಈ ಕೆಮ್ಮು?”

“ತಿಂಗಳ ಆಗಿರಬಹುದು. ಕಡ್ಲಿ ರಾಶಿ ಧೂಳ್ರಿ.”

“ರಾತ್ರಿ ಬೆವರತೀರಿ?”

“ಅಗದಿ ಬನೀನ್ ತೊಯ್ತೈತಿ. ಯಾಕ್ರಿ?”

ಅವಳ ನೋಟ ಅವನ ಕತ್ತಿನ ಸುತ್ತ ಸಡಿಲವಾಗಿದ್ದ ಕಾಲರಿನ ಮೇಲೆ ನಿಂತಿತು. ಹಬ್ಬಕ್ಕೆ ಹೊಲಿಸಿದಾಗ ಅದು ಸರಿಯಾಗಿತ್ತು. ಅವಳು ಮೆಷಿನ್ನು ಕೆಳಗಿಟ್ಟಳು. ಕಣ್ಣಿನ ನಗು ಆರಿಹೋಗಿತ್ತು.

“ಏಳ್ರಿ ಅಂದ್ನೆಲ್ಲ. ಹೊರಗ ಬೇವಿನ ಗಿಡದ ಬುಡಕ್ಕ ಕುಂದರ್ರಿ. ಒಳಗ ಕುಂದರಬ್ಯಾಡ್ರಿ.”

ಬಾಗಿಲು ತೆರೆದಿತ್ತು. ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮೈಲಾರಿ ಅವರ ನಡುವೆ ತಲೆ ತಗ್ಗಿಸಿ ದಾಟಿದ. ಗಿಡದ ಬುಡದಿಂದ ಕಿಟಕಿಯೊಳಗೆ ಕಂಡಿತು: ತಬಸುಮ್ ಅವನು ಮಲಗಿದ್ದ ಕುರ್ಚಿಯನ್ನು ಔಷಧ ಹಾಕಿ ಒರೆಸುತ್ತಿದ್ದಳು. ಅವನು ಕೈಯಿಟ್ಟಿದ್ದ ಹಿಡಿಕೆ, ಅವನು ಮುಟ್ಟಿದ್ದ ಬಾಗಿಲು. ಕಿಟಕಿಗಳು ಒಂದೊಂದಾಗಿ ತೆರೆದವು. “ಯಾರೂ ಆ ರೂಮಿಗೆ ಈಗ ಹೋಗಬ್ಯಾಡ್ರಿ,” ಎಂದು ಮಹಾನಂದಾ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು.

ಚಿಕ್ಕವನಿದ್ದಾಗ ಅಪ್ಪ ಗಂಗಪ್ಪನ ಜೊತೆ ಒಂದು ಊರಿಗೆ ಹೋಗಿದ್ದ. ಚಹಾದಂಗಡಿಯವನು ಇಬ್ಬರನ್ನೂ ಹೊರಗೇ ಕೂಡಿಸಿ, ಕುಡಿದಾದ ಮೇಲೆ ಕಟ್ಟೆಗೆ ನೀರು ಸುರಿಸಿದ್ದ. ಅಪ್ಪ ಏನೂ ಆಡದೆ ಎದ್ದಿದ್ದ. ಈಗ ಮೈಲಾರಿಯೂ ಹಾಗೆಯೇ ಎದ್ದ. ಮಹಾನಂದಾ ಅಂಗಳಕ್ಕೆ ಓಡಿಬರುವಷ್ಟರಲ್ಲಿ ಅವನ ಬೈಕು ರಸ್ತೆ ಸೇರಿತ್ತು.

ಅಂದು ಅವಳ ಹೆಸರು ಫೋನಿನಲ್ಲಿ ಮೂಡಿದಾಗಲೆಲ್ಲ ಅವನು ಫೋನನ್ನು ಬೋರಲು ಹಾಕಿದ. ಮೆಸೇಜು ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಪಶು ಆಸ್ಪತ್ರೆಯ ಅಂಗಳಕ್ಕೆ ಅವಳ ಸ್ಕೂಟಿ ಬಂತು. ಎತ್ತು, ಎಮ್ಮೆ, ಆಡುಗಳ ಸಾಲು ದಾಟಿ, ಮಾಸ್ಕ್ ಹಾಕಿಕೊಂಡು ಅವಳು ಸ್ಕೂಟಿಯ ಬಳಿಯೇ, ಅವನಿಂದ ದೂರ ನಿಂತಳು. ಆ ದೂರ ಅವನ ಎದೆಗೆ ಮತ್ತೆ ಚುಚ್ಚಿತು.

“ಮೆಸೇಜ್ ಯಾಕ ನೋಡ್ಲಿಲ್ರಿ?”

“ಏನ್ ನೋಡೂದೈತ್ರಿ? ಮಂದಿ ಎದುರಿಗೆ ಹೊರಗ ಕುಂದರ್ಸಿದ್ರಿ. ನಾ ಮುಟ್ಟಿದ್ದೆಲ್ಲಾ ತೊಳದ್ರಿ. ಮನಿತನ ನೆನಪಾತೇನು ನಿಮಗ, ರವಿವಾರ ಹತ್ರ ಬಂತಂತ?”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವಳ ಕೈ ಸ್ಕೂಟಿಯ ಸೀಟನ್ನು ಹಿಡಿದುಕೊಂಡಿತು.

“ಹಂಗ ತಿಳ್ಕೊಂಡ್ರೇನ್ರಿ?” ಧ್ವನಿ ಸಣ್ಣದಾಗಿತ್ತು. “ನನಗ ಟಿ.ಬಿ. ಸಂಶೇ ಬಂತು. ಮೆಷಿನ್ ಹಚ್ಚಿದ್ರ ನಿಮ್ಮ ಕೆಮ್ಮಿನಾಗಿಂದೆಲ್ಲಾ ಆ ರೂಮಿನ ಗಾಳ್ಯಾಗ ನಿಂತಿರತಿತ್ತು. ನಿಮ್ಮದಾದ ಮ್ಯಾಲೆ ಪಾಳಿ ಯಮನೂರಿನ ಜುಲೇಖಾಬಿ ಅಮ್ಮಂದು. ಅವರಿಗೆ ಸಕ್ಕರಿ ಬ್ಯಾನಿ, ಮ್ಯಾಲೆ ದಮ್ಮು. ಅವರು ಬಾಯಿ ತೆರದು ಅದ ಗಾಳಿ ತಗೊಳ್ಳತಿದ್ರು. ಕೆಮ್ಮೂ ಎಮ್ಮಿನ ಬ್ಯಾರೆ ಕಟ್ರಿ ಅಂತ ನೀವ ದಿನಾ ಹೇಳೂದಿಲ್ಲೇನ್ರಿ?”

“ಹೇಳ್ತೇನ್ರಿ. ಎಮ್ಮಿನ ಬ್ಯಾರೆ ಕಟ್ಟಿದ್ರ ಬರೇ ಬ್ಯಾರೆ ಕಟ್ಟಿದಂಗ. ನಮ್ಮನ್ನ ಹೊರಗ ಕುಂದರ್ಸಿದ್ರ ಹಂಗಲ್ರಿ.”

ಅಂಗಳದಲ್ಲಿ ಯಾವುದೋ ಕರು ಕೂಗಿತು. ಅವಳ ಕಣ್ಣು ತುಂಬಿ ಮಾಸ್ಕಿನ ಅಂಚು ಒದ್ದೆಯಾಯಿತು.

“ತಪ್ಪಾತ್ರಿ,” ಅಂದಳು ಕೊನೆಗೆ. “ನಿಮ್ಮನ್ನ ಎಬ್ಬಿಸಿದ್ದಲ್ಲ, ಎಬ್ಬಿಸಿದ ರೀತಿ. ಬಾಜೂಕ ಕರದು ಹೇಳಬೇಕಿತ್ತು. ಇನ್ನೊಂದ ಮಾತಾಡಿದ್ರ ಅಲ್ಲೇ ಅಳತಿದ್ದೆ. ಬ್ಯಾರೆ ಪೇಷಂಟ್ ಆಗಿದ್ರ ಸಮಾಧಾನದಿಂದ ಹೇಳತಿದ್ದೆ. ನೀವಾಗಿದ್ರಿ, ಅದಕ್ಕ ಆಗ್ಲಿಲ್ಲ.”

ಅವನು ಏನೋ ಹೇಳಲು ಹೋದ. ಕೆಮ್ಮು ಅವನನ್ನು ಬಗ್ಗಿಸಿಬಿಟ್ಟಿತು. ತಲೆಯೆತ್ತಿದಾಗ ಅವನೊಳಗಿನ ಡಾಕ್ಟರು ಮೊದಲ ಸಲ ಆ ಕೆಮ್ಮನ್ನು ಕೇಳಿಸಿಕೊಂಡಿದ್ದ. ಮನೆಯಲ್ಲಿ ಅವನ ತಾಯಿ ಸಣ್ಣವ್ವ ಇದ್ದಳು. ದಿನವೂ ಅವನ ಬಾಜು ಕೂತು ರೊಟ್ಟಿ ಬಡಿಸುತ್ತಿದ್ದಳು.

ತಾಲೂಕು ಆಸ್ಪತ್ರೆಗೆ ಅವನು ಬೈಕಿನಲ್ಲಿ ಮುಂದೆ ಹೋದ; ಅವಳ ಸ್ಕೂಟಿ ಹಿಂದೆ ಬಂತು. ಎರಡು ದಿನದ ಮೇಲೆ ಅವನೇ ಫೋನ್ ಮಾಡಿದ.

“ಐತ್ರಿ.”

ಅವಳು ಮತ್ತೇನಾದರೂ ಕೇಳುವ ಮೊದಲೇ ಅವನು ಮುಂದುವರಿಸಿದ.

“ರವಿವಾರ ಬರೂದಿಲ್ಲ ನಾನು. ನಿಮ್ಮಪ್ಪಗ ಒಂದ ಕಾರಣ ಸಾಕಿತ್ತು ಬ್ಯಾಡ ಅನ್ನಾಕ. ಈಗ ಎರಡಾದ್ವು. ನೀವೂ ಬಿಟ್ಟಬಿಡ್ರಿ.”

“ಗುಳಿಗಿ ಕೊಟ್ಟಾರಿಲ್ಲೋ?” ಎಂದಳು ಅವಳು.

“ಕೊಟ್ಟಾರ.”

“ನುಂಗ್ರಿ ಹಂಗಾರ. ಬಿಡೂದು ಹಿಡಿಯೂದು ನಾ ನೋಡ್ಕೊಂತೇನಿ.”

ಸಣ್ಣವ್ವನ ಪರೀಕ್ಷೆಯಾಯಿತು, ಮಹಾನಂದಾ ಮತ್ತು ತಬಸುಮ್ ಎಕ್ಸ್‌ರೇ ತೆಗೆಸಿಕೊಂಡರು, ಯಾರಿಗೂ ತಗುಲಿರಲಿಲ್ಲ. ಗುಳಿಗೆ ಶುರುವಾದ ಮೇಲೆ ಮಹಾನಂದಾ ಅವನನ್ನು ಕಾಣಲು ಕಾಲುವೆ ದಂಡೆಗೆ ಬರತೊಡಗಿದಳು. ನಾಲ್ಕೂ ಕಡೆ ಬಯಲು, ಬಿರುಕು ಬಿಟ್ಟ ಎರೆಭೂಮಿ. ಮೊದಲು ಸೆರಗನ್ನು ಹಾರಲು ಬಿಟ್ಟು ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡುವಳು. ಆಮೇಲೆ ಗಾಳಿ ತನ್ನಿಂದ ಅವನ ಕಡೆಗೆ ಹೋಗುವಂತೆ, ನಡುವೆ ನಾಲ್ಕಾಳು ಕೂಡುವಷ್ಟು ಜಾಗ ಬಿಟ್ಟು ಕೂಡುವಳು.

ಆ ಗಾಳಿ ಅವಳ ತಲೆಯ ಎಣ್ಣೆ, ಮುಡಿದ ಮಲ್ಲಿಗೆ, ದವಾಖಾನೆಯ ಲವಂಗದ ವಾಸನೆಯನ್ನೆಲ್ಲ ತಂದು ಅವನಿಗೆ ಒಪ್ಪಿಸುತ್ತಿತ್ತು. ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದ.

“ನಿದ್ದಿ ಹತ್ತಿತೇನ್ರಿ?”

“ಇಲ್ರಿ. ನೀವು ಹತ್ರ ಬಂದೀರಿ.”

ಅವಳು ಕಾಲುವೆಯ ಕಡೆ ಮುಖ ತಿರುಗಿಸಿದಳು. ಮಾಸ್ಕಿತ್ತು, ನಾಚಿದ್ದು ಕಿವಿಯಲ್ಲಿ ಕಂಡಿತು.

ಒಂದು ಸಂಜೆ ಬಂದಾಗ ಅವಳ ಮುಖ ಬಾಡಿತ್ತು. “ಮನ್ಯಾಗ ಹೇಳಿದೆ, ಎಲ್ಲಾ. ನಿಮ್ಮ ಕೇರಿ, ನಿಮ್ಮ ಬ್ಯಾನಿ, ಯಾವುದೂ ಮುಚ್ಚಿಡಲಿಲ್ಲ.”

“ಏನಂದ್ರು?”

“ಅಪ್ಪ ಮಾತ ಬಿಟ್ಟಾರ. ಕುಂದಗೋಳದ ಕಡಿಂದ ಒಂದ ಗಂಡಿನ ಮನ್ಯಾವರು ಬರೂರದಾರ.”

ಅದಾದ ಮೇಲೆ ಅವಳು ಬರಲಿಲ್ಲ. ಫೋನಿನಲ್ಲಿ “ಗುಳಿಗಿ ತಗೊಂಡ್ರಿ?” ಎಂದಷ್ಟೇ ಕೇಳಿ ಇಡುತ್ತಿದ್ದಳು. ಹಿಂದೆ ಯಾರೋ ನಿಂತಿರುವಂತೆ ಇರುತ್ತಿತ್ತು ಆ ಧ್ವನಿ. ಮೈಲಾರಿ ಮುಂದಕ್ಕೆ ಕೇಳಲು ಅಂಜಿದ. ಮೈ ತುಂಬುತ್ತಿತ್ತು, ಕಾಲರು ಮತ್ತೆ ಬಿಗಿಯಾಗುತ್ತಿತ್ತು. ಕಫದಲ್ಲಿ ಏನೂ ಇಲ್ಲ, ಇನ್ನು ಯಾರಿಗೂ ಹರಡುವುದಿಲ್ಲ, ಗುಳಿಗೆ ಮಾತ್ರ ಪೂರ್ತಿ ಮುಗಿಸಿ ಎಂದರು ಡಾಕ್ಟರು. ಆ ಸುದ್ದಿ ಹೇಳಲು ಮಾಡಿದ ಫೋನನ್ನೂ ಅವಳು ಎತ್ತಲಿಲ್ಲ.

ಹೊಲದಲ್ಲಿ ಹೆಸರು ಹೂಬಿಡುವ ಹೊತ್ತಿಗೆ ತಬಸುಮ್ ಫೋನ್ ಮಾಡಿದಳು. “ಮೇಡಂ ಕರದಾರ್ರೀ ಸರ್. ಕ್ಲೀನಿಂಗ್ ಬಾಕಿ ಐತೆಲ್ಲ. ಸಂಜಿಮುಂದ ಎಲ್ಲಾರೂ ಹೋದ ಮ್ಯಾಲೆ ಬರ್ರಿ. ರಿಪೋರ್ಟ್ ತರ್ರಿ.”

ಇದು ಕೊನೆಯ ಭೇಟಿ ಇರಬೇಕು ಎಂದುಕೊಂಡು ಅವನು ನವಲಗುಂದಕ್ಕೆ ಬಂದ. ಕಿಟಕಿಗಳೆಲ್ಲ ತೆರೆದಿದ್ದವು, ಗೋಡೆಯ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ನೂಕುತ್ತಿತ್ತು. ಮಹಾನಂದಾ ರಿಪೋರ್ಟನ್ನು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಬಾಯಿ ಮುಕ್ಕಳಿಸುವ ಔಷಧ ಕೊಟ್ಟಳು.

“ಮೆಷಿನ್ ಬ್ಯಾಡ. ಕೈಯಿಂದನ ಮಾಡ್ತೇನಿ. ನೀರು ಸಿಡಿಯೂದಿಲ್ಲ. ಹೊತ್ತ ಹಿಡೀತೈತಿ, ನಡೀತೈತೇನ್ರಿ?”

“ಎಷ್ಟಾರ ಹಿಡೀಲ್ರಿ,” ಎಂದ ಅವನು.

ಅವಳು ಬಾಗಿದಳು. ಉಕ್ಕಿನ ಉಪಕರಣದ ಸಣ್ಣ ತುದಿ ಹಲ್ಲಿನ ಬುಡದಲ್ಲಿ ಮೆಲ್ಲಗೆ ಕೆರೆಯಿತು. ಅವಳ ಕೈಯ ಅಂಚು ಅವನ ಕೆನ್ನೆಗೆ ಒರಗಿತ್ತು. ಇಷ್ಟು ಹತ್ತಿರ ಅವಳು ಬಂದು ಎಷ್ಟು ಕಾಲವಾಗಿತ್ತು! ಅವನು ಕಣ್ಣು ಮುಚ್ಚಲಿಲ್ಲ.

“ಹಂಗ ನೋಡಬ್ಯಾಡ್ರಿ, ಕೈ ತಪ್ಪತೈತಿ,” ಎಂದಳು. ಆಮೇಲೆ, ಅವನ ಬಾಯಿ ತೆರೆದೇ ಇರುವಾಗ, ಹೇಳತೊಡಗಿದಳು.

“ಆ ಗಂಡಿನ ಮನ್ಯಾವರ ಎದುರಿಗೆ ನಾ ಕುಂದರಲಿಲ್ಲ. ಅಪ್ಪಗ ಭಾಳ ಸಿಟ್ಟ ಬಂತು, ಫೋನ್ ಇಸ್ಕೊಂಡ್ರು. ನಿನ್ನೆ ಮಾತ ತಗದ್ರು. ‘ಬ್ಯಾನಿ ಹೋಗತೈತಿ, ಅದರ ಚಿಂತಿ ನನಗಿಲ್ಲ. ಮಂದಿ ಬಾಯಿ ಏನ್ ಮಾಡ್ತೀ?’ ಅಂದ್ರು. ‘ಮಂದಿ ಬಾಯಿ ನೋಡೂದ ನನ್ನ ಕೆಲಸ ಅಪ್ಪಾ, ಅದಕ್ಕೇನ ಅಂಜೂದಿಲ್ಲ,’ ಅಂದೆ.”

ಬಾಜು ನಿಂತಿದ್ದ ತಬಸುಮ್ ನಕ್ಕಳು. ಮೈಲಾರಿಯ ಹೊಟ್ಟೆಯೂ ಕುಲುಕಿತು.

“ನಗಬ್ಯಾಡ್ರಿ, ಚುಚ್ಚತೈತಿ. ಇನ್ನೂ ಹೇಳೂದೈತಿ. ‘ಅವರು ಬಿಟ್ರ ನನಗ ಯಾರೂ ಬ್ಯಾಡ. ನಿಮ್ಮ ಒಪ್ಪಿಗಿ ಇದ್ರ ಈ ಮನ್ಯಾಗ ಮದುವಿ, ಇಲ್ಲಾ ರಿಜಿಸ್ಟರ್ ಆಫೀಸಿನಾಗ,’ ಅಂದೆ.”

ಅವನು ಅವಳ ಮುಂಗೈ ಹಿಡಿದು ಬಾಯಿಂದ ದೂರ ಸರಿಸಿದ. “ಅದಕ್ಕೇನಂದ್ರು?”

“ಬೆಳತನಕ ನಿದ್ದಿ ಮಾಡಲಿಲ್ಲ. ಮುಂಜಾನೆ ಫೋನ್ ತಂದು ನನ್ನ ಮುಂದ ಇಟ್ರು. ಅಡಗಿ ಮನಿ ಬಾಗಿಲದಾಗ ನಿಂತು ನಮ್ಮವ್ವಗ ಹೇಳಿದ್ರು, ‘ಗುರವ್ವಾ, ಆ ಡಾಕ್ಟರ್‌ಗ ಏನ್ ಉಣ್ಣಾಕ ನಡೀತೈತಿ, ಏನ್ ನಡಿಯೂದಿಲ್ಲ, ಮಹಾನಂದಾಗ ಕೇಳಿ ಇಟ್ಕೊ. ರವಿವಾರ ಬರಾಕ ಹೇಳು.’”

ಮೈಲಾರಿ ಎದ್ದು ಕೂತ. ಅವಳ ಕಣ್ಣ ತುದಿಯಲ್ಲಿ ನೀರಿತ್ತು. ಎರಡೂ ಕೈಗೆ ಗವಸು ಇದ್ದುದರಿಂದ ಅವಳು ಒರೆಸಿಕೊಳ್ಳುವಂತಿರಲಿಲ್ಲ. ಅವನು ತನ್ನ ಬೆರಳಿಂದ ಒರೆಸಿದ.

“ನೀವೇನ್ ಹೇಳಿದ್ರಿ ಅವ್ವಗ?”

“ಎಲ್ಲಾ ನಡೀತೈತಿ ಅಂದೆ,” ಎಂದಳು ಮಹಾನಂದಾ. “ಈಗ ಮಲಕೊಳ್ರಿ. ಕೆಳಗಿನ ಸಾಲು ಇನ್ನೂ ಬಾಕಿ ಐತಿ.”